ಹನ್ನೆರಡರಿಂದ ಒಂಬತ್ತಕ್ಕೆ

"ಅಪ್ಪಾ, ಬರೀ ಕೈಲಿ ಮುಟ್ಬೇಡ. ಮೊದ್ಲು ಗ್ಲೌಸ್ ಹಾಕ್ಕೋ," ಎಂದಳು ವೃಂದಾ.

ಚಾಚಿದ್ದ ಕೈಯನ್ನು ಮಧ್ವರಾಜರು ಹಿಂದಕ್ಕೆಳೆದುಕೊಂಡರು. ಮದ್ರಾಸಿನ ಅಣ್ಣಾ ನಗರದ ಆ ಮೂರನೇ ಮಹಡಿಯ ಮನೆಯ ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಹಳೆಯ ತಮಿಳು ಪೇಪರು ಹಾಸಿಕೊಂಡು, ಮಗಳು ಪಾರ್ಸೆಲ್ಲಿನ ಟೇಪನ್ನು ಕತ್ತರಿಸುತ್ತಿದ್ದಳು. ಸುತ್ತಿದ್ದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಬಿಡಿಸಿದ ಮೇಲೆ ಕೆಮ್ಮಿನ ಔಷಧಿಯ ಬಾಟಲಿಯಷ್ಟೇ ಎತ್ತರದ ಒಂದು ಕಂದು ಗಾಜಿನ ಬಾಟಲಿ ಹೊರಬಂತು. ಹತ್ತೊಂಬತ್ತು ದಿನ ಕಾದಿದ್ದ ಬಾಟಲಿ. ಅವಳು ಮುಚ್ಚಳ ತಿರುಗಿಸಿ, ಡ್ರಾಪರಿನಲ್ಲಿ ಒಂದಿಷ್ಟು ಎಳೆದು ಬೆಳಕಿಗೆ ಹಿಡಿದಳು. ನೀರಿನಷ್ಟು ತಿಳಿಯಾಗಿತ್ತು.

"ಕಲರ್ ತಿರುಗಿಲ್ಲ ಅಪ್ಪಾ. ಫ್ರೆಶ್ಶಾಗಿದೆ." ದನಿಯಲ್ಲಿದ್ದ ಸಂಭ್ರಮವನ್ನು ಅಡಗಿಸಿಕೊಳ್ಳಲು ಅವಳಿಂದ ಆಗಲಿಲ್ಲ.

"ಇಷ್ಟು ಸಣ್ಣದರಲ್ಲಿ ಎಷ್ಟು ಸಿಗರೇಟು ಕೂತಿದೆಯೋ," ಎಂದರು ಮಧ್ವರಾಜರು, ಎಡಗೈಗೆ ಬಲಗೈ ಗ್ಲೌಸು ತೊಡಿಸಲು ಹೆಣಗುತ್ತ.

ಅದು ಎರಡು ಸಾವಿರದ ಹದಿನೆಂಟರ ಮಾರ್ಚ್ ತಿಂಗಳು. ಇ-ಸಿಗರೇಟಿನ ಮೇಲೆ ನಿಷೇಧ ಇನ್ನೂ ಬಂದಿರಲಿಲ್ಲ. ಮಧ್ವರಾಜರು ವಿಮಾ ಕಚೇರಿಯಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಸಿಗರೇಟು ಸೇದಲು ಶುರುಮಾಡಿ ನಲವತ್ತು. ಹೆಂಡತಿ ಸೀತಾ ತೀರಿಕೊಂಡ ಮೇಲೆ ದಿನಕ್ಕೆ ಐದಿದ್ದದ್ದು ಹನ್ನೆರಡಕ್ಕೆ ಏರಿತ್ತು. ಬೀದಿಯ ತುದಿಯ ಟ್ರಾನ್ಸ್‌ಫಾರ್ಮರಿನ ಮರೆಯಲ್ಲಿ ನಿಂತು ಸೇದಿ, ಏಲಕ್ಕಿ ಅಗಿದು ಮನೆಗೆ ಬರುತ್ತಿದ್ದರು. ಜನವರಿಯಲ್ಲೊಂದು ದಿನ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ನಡುವೆ ಉಸಿರು ಸಿಗದೆ ಕುಳಿತುಬಿಟ್ಟರು. ಸ್ಕ್ಯಾನಿನ ಹಾಳೆ ನೋಡಿದ ಡಾಕ್ಟರು, ಇನ್ನು ಒಂದೂ ಕೂಡದು ಎಂದರು. ನಿಕೋಟಿನ್ನಿನ ಚೂಯಿಂಗ್ ಗಮ್ ತಂದದ್ದಾಯಿತು, ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿದ್ದಾಯಿತು. ಮೂರು ಸಲ ಬಿಟ್ಟು ಮೂರು ಸಲ ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋದರು.

ವೃಂದಾ ಪೆರುಂಗುಡಿಯಲ್ಲಿ ಬಣ್ಣ ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದಳು. ಜೊತೆ ಕೆಲಸದ ಶ್ರೀನಾಥ್ ವೇಪ್ ಎಂಬ ಇ-ಸಿಗರೇಟು ಹಿಡಿದು ಸಿಗರೇಟು ಬಿಟ್ಟಿದ್ದ. ಅವನಿಂದಲೇ ಒಂದನ್ನು ತರಿಸಿ ಅಪ್ಪನಿಗೆ ಕೊಟ್ಟಳು. ಡಾಕ್ಟರು ಅದನ್ನೇನೂ ಹೊಗಳಲಿಲ್ಲ. ಸಿಗರೇಟಿಗಿಂತ ವಾಸಿ, ಆದರೆ ಅದನ್ನೂ ಬಿಡುವ ದಾರಿ ನೋಡಿ ಎಂದರು. ಅದರೊಳಗೆ ತುಂಬಲು ಅಂಗಡಿಯಲ್ಲಿ ಸಿಗುತ್ತಿದ್ದ ದ್ರವಗಳಿಗೋ ಮಾವು, ಸ್ಟ್ರಾಬೆರಿ, ಬಬಲ್ ಗಮ್ಮಿನ ರುಚಿ. "ಬಬಲ್ ಗಮ್ ಸೇದೋ ವಯಸ್ಸಾ ಕಣೇ ನಂದು?" ಎಂದು ಮಧ್ವರಾಜರು ಅದನ್ನು ಮೇಜಿನ ಖಾನೆಯೊಳಗೆ ತಳ್ಳಿದರು.

ಆವತ್ತೇ ವೃಂದಾಳಿಗೆ ಹೊಳೆದದ್ದು: ತಾನೇ ಬೆರೆಸಿದರೆ? ರುಚಿ ತನ್ನ ಕೈಯಲ್ಲಿ, ನಿಕೋಟಿನ್ನೂ ತನ್ನ ಕೈಯಲ್ಲಿ. ಮಿಲಿಲೀಟರ್ ಒಂದಕ್ಕೆ ಹನ್ನೆರಡು ಮಿಲಿಗ್ರಾಮಿನಿಂದ ಹೊರಟು ಒಂಬತ್ತು, ಆರು, ಮೂರು, ಕೊನೆಗೆ ಸೊನ್ನೆ. ಆ ರಾತ್ರಿ ಅವಳಿಗೆ ನಿದ್ದೆಯೇ ಹತ್ತಿರಲಿಲ್ಲ.

ಈಗ ಅವಳು ಕಂದು ಬಾಟಲಿಯಲ್ಲಿದ್ದ ಗಾಢ ನಿಕೋಟಿನ್ನನ್ನು ಮೂರು ಪುಟ್ಟ ಡ್ರಾಪರ್ ಬಾಟಲಿಗಳಿಗೆ ಕುತ್ತಿಗೆಯವರೆಗೂ ತುಂಬುತ್ತಿದ್ದಳು. ಗಾಳಿ, ಬೆಳಕು, ಬಿಸಿ, ಇವು ಮೂರೂ ನಿಕೋಟಿನ್ನಿಗೆ ಆಗಿಬರುವುದಿಲ್ಲ. ಮದ್ರಾಸಿನ ಸೆಕೆಯಲ್ಲಿ ಹೊರಗಿಟ್ಟರೆ ಕೆಲವೇ ವಾರದಲ್ಲಿ ಕಂದಾಗಿ ಕೆಡುತ್ತದೆ. ಫ್ರೀಜರಿನಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಎರಡು ಬಾಟಲಿಗೆ ಚೀಟಿ ಅಂಟಿಸಿ ಮೂರನೆಯದನ್ನು ಅಪ್ಪನ ಕೈಗೆ ಕೊಟ್ಟು ಅದರ ಚೀಟಿ ಬರೆಯುತ್ತಿದ್ದಳು. ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು.

ಮಧ್ವರಾಜರ ತಾಯಿ ಅಂಬುಜಮ್ಮ ಮೇಲಿನ ಮನೆಯ ಸರಸಳ ಜೊತೆ ಮಠಕ್ಕೆ ಹೋಗಿದ್ದರು. ಊಟ ಮುಗಿಸಿ ಎರಡು ಗಂಟೆಗೆ ಬರಬೇಕಿದ್ದವರು ಹನ್ನೆರಡಕ್ಕೇ ಬಂದಿದ್ದರು.

"ಪಂಕ್ತಿ ಮೂರನೇದು ಅಂದ್ರು. ಅಷ್ಟು ಹೊತ್ತು ಯಾರು ಕೂರೋದು," ಎನ್ನುತ್ತ ಅವರು ಒಳಗೆ ಬಂದಾಗ ಮಧ್ವರಾಜರು ಆಗಲೇ ಹಾಲಿನಲ್ಲಿ ಪೇಪರು ಹಿಡಿದು ಕುಳಿತಿದ್ದರು. ಒಂದು ಕೈಯಲ್ಲಿ ಗ್ಲೌಸು ಇನ್ನೂ ಇತ್ತು.

ವೃಂದಾ ಬಾಲ್ಕನಿಯನ್ನು ಒರೆಸಿ, ಬಾಟಲಿಗಳನ್ನಿಟ್ಟ ಡಬ್ಬಿಯನ್ನು ಫ್ರೀಜರಿನ ಹಿಂಬದಿಗೆ ಸರಿಸುವಾಗ ಒಳಗೆ ನೋಡಿದಳು. ಎರಡೇ ಇದ್ದವು. ಹಾಲಿಗೆ ಬಂದು ಪಿಸುಗುಟ್ಟಿದಳು: "ಮೂರನೇದು ಎಲ್ಲಿ?"

"ಫ್ರಿಜ್ಜಲ್ಲಿ ಇಟ್ಟೆ ತಾನೆ."

"ಫ್ರಿಜ್ಜಲ್ಲಿ ಎಲ್ಲಪ್ಪಾ?"

"ಡೋರಲ್ಲಿ."

ಆ ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿದ್ದ ಮೊಟ್ಟೆಯ ಗುಳಿಗಳು ಎಂದೂ ಮೊಟ್ಟೆ ಕಂಡವಲ್ಲ. ಅಲ್ಲಿ ನಿಂಬೆಹಣ್ಣು ಇರುತ್ತಿತ್ತು. ಮೂರು ವಾರದಿಂದ, ಕಣ್ಣಿನ ಪೊರೆ ತೆಗೆಸಿಕೊಂಡ ಅಂಬುಜಮ್ಮನ ಡ್ರಾಪ್ಸ್ ಕೂಡ ಅಲ್ಲೇ ಇತ್ತು. ವೃಂದಾ ಹೋಗಿ ಬಾಗಿಲು ತೆರೆದಳು. ನಿಂಬೆಹಣ್ಣು, ಅಜ್ಜಿಯ ಡ್ರಾಪ್ಸ್, ಮತ್ತೊಂದು ಖಾಲಿ ಗುಳಿ.

ಅವಳು ಓಡಿದಳು. ಅಂಬುಜಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತು, ಚೀಟಿಯಿಲ್ಲದ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದರು. ಮುಚ್ಚಳ ಮುಚ್ಚಿದಂತೆಯೇ ಇತ್ತು.

"ಬಾ ಕಣ್ಣಾ. ಇದು ಯಾರ್ದು? ನನ್ನ ಡ್ರಾಪ್ಸ್ ಪ್ಲಾಸ್ಟಿಕ್ಕು, ಒತ್ತಿದ್ರೆ ಒಳಗೆ ಹೋಗತ್ತೆ. ಇದು ಗಾಜು. ಭಾರ ಇದೆ."

ವೃಂದಾ ಬಾಟಲಿಯನ್ನು ತೆಗೆದುಕೊಂಡು ಅಜ್ಜಿಯ ಎರಡೂ ಕೈಯನ್ನು ಸೋಪು ಹಚ್ಚಿ ತೊಳೆಸಿದಳು. ಬಾಗಿಲಲ್ಲಿ ಮಧ್ವರಾಜರು ನಿಂತಿದ್ದರು. ನೀರು ಕುಡಿಯಲು ನಿಂತಿದ್ದ ಸರಸ ಅವರ ಹಿಂದಿದ್ದಳು.

"ಅದು ನಂದಮ್ಮ," ಎಂದರು ಮಧ್ವರಾಜರು. "ಹೊಗೆಸೊಪ್ಪಿನ ಸತ್ವ. ಸಿಗರೇಟು ಬಿಡೋದಕ್ಕೆ ಅಂತ ವೃಂದಾ ತರಿಸಿದ್ದಾಳೆ."

ಅಂಬುಜಮ್ಮ ಕೈ ಒರೆಸಿಕೊಂಡರು. "ನೀನು ಬಿಟ್ಟು ಇಪ್ಪತ್ತೈದು ವರ್ಷ ಆಯ್ತಲ್ಲೋ ರಾಜು. ನಿಮ್ಮಪ್ಪ ಹೋದ ವರ್ಷ, ನನ್ನ ಕೈ ಹಿಡ್ಕೊಂಡು ಹೇಳಿದ್ಯಲ್ಲ."

"ಹೇಳಿದ್ದೆ."

"ಬಿಟ್ಟಿರಲಿಲ್ಲ."

"ಇಲ್ಲ."

ಅವರು ಸರಸಳ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

ಸರಸ ಲೋಟ ಕೆಳಗಿಟ್ಟಳು. ಅವಳ ಗಂಡನದು ಅಲ್ಲೇ ಮುಖ್ಯ ರಸ್ತೆಯಲ್ಲಿ ಹೋಟೆಲು. ಉಡುಪಿ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಮಾತು ಹಾಗೇ ಇತ್ತು. "ಟ್ರಾನ್ಸ್‌ಫಾರ್ಮರ್ ಹತ್ರ ರಾಯರು ನಿಲ್ಲುವುದು ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತುಂಟಮ್ಮ. ನಿಮಗೆ ಯಾರೂ ಹೇಳ್ಲಿಲ್ಲ, ಅಷ್ಟೆ."

ಊಟದ ಹೊತ್ತಿಗೆ ಅಂಬುಜಮ್ಮ, ಸಾರು ಬಡಿಸಿದ್ದಕ್ಕೆ ಸಾಕು ಎಂದು ಕೈ ಅಡ್ಡ ಹಿಡಿದರು, ಅಷ್ಟೆ. ಮಧ್ವರಾಜರು ಅರ್ಧ ಊಟಕ್ಕೇ ಎದ್ದರು. ಎಲ್ಲವನ್ನೂ ಡಬ್ಬಿಗೆ ತುಂಬಿ ಲ್ಯಾಬಿಗೆ ಹೊತ್ತುಕೊಂಡು ಹೋಗಿ ವಿಲೇವಾರಿ ಮಾಡಿಬಿಡುವುದೆಂದು ವೃಂದಾ ಮನಸ್ಸಿನಲ್ಲೇ ತೀರ್ಮಾನಿಸಿದಳು. ಅಜ್ಜಿಯ ಕಣ್ಣು ಹೋಗುತ್ತಿತ್ತು. ಬೆರಳಿಗೆ ಗೊತ್ತಾಗದೆ ಇದ್ದಿದ್ದರೆ ಹೋಗಿಯೇ ಬಿಡುತ್ತಿತ್ತು.

ಮೂರು ಗಂಟೆಗೆ ಅಂಬುಜಮ್ಮ ಎದ್ದು ಮುಖ ತೊಳೆದು ಬಂದು, ಬಾಲ್ಕನಿಯ ಹೊಸಿಲಿನಾಚೆ ಬೆತ್ತದ ಸ್ಟೂಲು ಹಾಕಿಸಿಕೊಂಡು ಕುಳಿತರು.

"ಏನೇನು ತಂದಿದ್ದೀಯೋ ಎಲ್ಲಾ ತೋರಿಸು."

ವೃಂದಾ ಒಂದೊಂದಾಗಿ ತೋರಿಸಿದಳು. ಪುಟ್ಟ ತಕ್ಕಡಿ, ಗಾಜಿನ ಬೀಕರು, ನಿಕೋಟಿನ್ನನ್ನು ತೆಳುಮಾಡುವ ಗ್ಲಿಸರಿನ್, ಗ್ಲೈಕಾಲ್, ಬೆರಳುದ್ದದ ಎಂಟು ಪರಿಮಳದ ಸೀಸೆ. ಚರ್ಮಕ್ಕೆ ತಾಕಿದರೆ ಏನಾಗುತ್ತದೆ, ಹೊಟ್ಟೆಗೆ ಹೋದರೆ ಏನು, ಕಣ್ಣಿಗೆ ಬಿದ್ದರೆ ಏನು ಎಂದು ಅಜ್ಜಿ ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

"ಇದರಿಂದ ಅವನು ಬಿಡ್ತಾನಾ?"

"ಗೊತ್ತಿಲ್ಲ ಅಜ್ಜಿ. ಹನ್ನೆರಡರಿಂದ ಒಂಬತ್ತು, ಆಮೇಲೆ ಆರು, ಮೂರು, ಜೀರೋ. ಹಾಗೆ ಇಳಿಸ್ಬೇಕು ಅಂತ ಪ್ಲಾನು."

ಅಂಬುಜಮ್ಮ ತಕ್ಕಡಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ಬಿಟ್ಟೆ ಅಂತ ಒಂದೇ ಮಾತಲ್ಲಿ ಹೇಳಿದವನನ್ನ ನಂಬಿದ್ದಾಯ್ತು. ಒಂದೊಂದು ಮೆಟ್ಟಿಲು ಇಳಿಯೋದಾದ್ರೆ ಕಣ್ಣಲ್ಲಿ ನೋಡಬಹುದು. ಸೆರಿ. ಆದ್ರೆ ಇದೆಲ್ಲಾ ಅಡುಗೆಮನೆ ಫ್ರಿಜ್ಜಲ್ಲಿ ಕೂಡದು. ಬೇರೆ ಫ್ರಿಜ್ಜು ಬೇಕು."

"ಬೇರೆ ಎಲ್ಲಿ ತರೋದು ಅಜ್ಜಿ?"

"ಸರಸನ್ನ ಕೂಗು."

ಸರಸಳ ಮಗ ಪ್ರತಾಪ ಹಾಸ್ಟೆಲಿನಲ್ಲಿದ್ದಾಗ ಕೊಂಡಿದ್ದ, ಸೊಂಟದೆತ್ತರದ ಫ್ರಿಜ್ಜೊಂದು ಮೇಲಿನ ಮನೆಯಲ್ಲಿ ಸುಮ್ಮನೆ ಕುಳಿತಿತ್ತು. "ಅದರ ಮೇಲೆ ನಾನು ಇಸ್ತ್ರಿ ಬಟ್ಟೆ ಇಡುವುದು ಮಾತ್ರ. ತಕ್ಕೊಂಡು ಹೋಗಿ ಮಾರಾಯ್ರೆ," ಎಂದಳು ಸರಸ. ಲಿಫ್ಟಿನ ಕಿರಿದಾದ ಬಾಗಿಲಲ್ಲಿ ಅದು ಅಡ್ಡ ಹಿಡಿಯಿತು. ಅಪ್ಪ, ಮಗಳು, ಸರಸ ಮೂವರೂ ಸೇರಿ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದರು. ತಿರುವಿನಲ್ಲಿ ಮಧ್ವರಾಜರು ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು, ಆದರೆ ಮುಖದಲ್ಲಿ ನಗುವಿತ್ತು. ಬಾಲ್ಕನಿಯಲ್ಲಿಟ್ಟು ಪ್ಲಗ್ಗು ಹಾಕಿದ ಕೂಡಲೇ ಫ್ರಿಜ್ಜು ಮೈ ಕೊಡವಿ ಗುಂಯ್ ಎಂದಾಗ ಸರಸ ಚಪ್ಪಾಳೆ ತಟ್ಟಿದಳು.

ಅಂಬುಜಮ್ಮ ಸ್ಟೂಲಿನ ಮೇಲಿಂದ ಏಳಲಿಲ್ಲ. ಕೂತಲ್ಲೇ ಹೇಳುತ್ತ ಹೋದರು. ಎಂಬತ್ತೈದರ ಅವರಿಗೆ ಮಡಿಯಲ್ಲೇ ಎಪ್ಪತ್ತು ವರ್ಷ ಕಳೆದಿತ್ತು. ಯಾವುದನ್ನು ಯಾವುದಕ್ಕೆ ತಾಕಿಸಬಾರದು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಇದಕ್ಕೆ ಬೇರೆ ತಟ್ಟೆ, ಬೇರೆ ಬೇಸಿನ್ನು. ಒರೆಸುವ ಬಟ್ಟೆ ಕೆಂಪು ಬಣ್ಣದ್ದೇ ಆಗಬೇಕು, ಅದು ಬೇರೆ ಬಟ್ಟೆಯ ಜೊತೆ ಒಗೆಯಲು ಹೋಗಕೂಡದು. ಬರೀ ನಿಕೋಟಿನ್ನಿನ ಬಾಟಲಿ ಮೇಲೆ ಫ್ರೀಜರಿನಲ್ಲಿ, ಬೆರೆಸಿದ್ದು ಕೆಳಗೆ. ಒಬ್ಬರು ಮಾಡುವಾಗ ಇನ್ನೊಬ್ಬರು ಮಾತಾಡಿಸಕೂಡದು. ಫ್ರಿಜ್ಜಿಗೆ ಬೀಗ, ಕೀ ವೃಂದಾಳ ಹತ್ತಿರ ಒಂದು, ತಮ್ಮ ಹತ್ತಿರ ಒಂದು.

"ಅವನ ಹತ್ರ ಬೇಡ," ಎಂದು ಮಗನನ್ನು ನೋಡದೆ ಹೇಳಿದರು. ಆಮೇಲೆ ದೇವರ ಕೋಣೆಯಿಂದ ಹುರಿಯ ಉಂಡೆ ತರಿಸಿ, ನಿಕೋಟಿನ್ನಿನ ಮೂರು ಬಾಟಲಿಗಳ ಕುತ್ತಿಗೆಗೂ ವೃಂದಾಳ ಕೈಯಲ್ಲಿ ಮೂರು ಮೂರು ಗಂಟು ಹಾಕಿಸಿದರು. "ಚೀಟಿ ಓದಕ್ಕೆ ಕಣ್ಣು ಬೇಕು. ಗಂಟಾದ್ರೆ ಕೈಗೆ ಸಿಗತ್ತೆ."

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಕಾಫಿಯಾದದ್ದೇ ತಡ, ಎಂಟು ಪರಿಮಳಗಳ ಪರೀಕ್ಷೆ ನಡೆಯಿತು. ಕಾಗದದ ಪಟ್ಟಿಯ ತುದಿಗೆ ಒಂದೊಂದು ಹನಿ ಹಾಕಿ ವೃಂದಾ ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಕಾಫಿಯದನ್ನು ಅಂಬುಜಮ್ಮ ಒಂದೇ ಉಸಿರಿಗೆ ತಳ್ಳಿಹಾಕಿದರು: "ಇದು ಚಿಕೋರಿನೂ ಅಲ್ಲ." ವೆನಿಲ್ಲಾ ಬಿಸ್ಕತ್ತಿನ ಡಬ್ಬಿಯ ತಳದ ಹಾಗಿದೆ ಎಂದರು. ಹೊಗೆಸೊಪ್ಪಿನದ್ದಕ್ಕೆ ಮಧ್ವರಾಜರು ಕಣ್ಣರಳಿಸಿದರು, ತಾಯಿ ಅದನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಏಳನೆಯದು ವೀಳ್ಯದೆಲೆ. ಅವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮತ್ತೆ ಮೂಸಿದರು.

"ಇದು ಪರವಾಯಿಲ್ಲ. ಎಲೆ ಎಳೇದು. ಕೊಂಚ ಲವಂಗ ಸೇರಿಸಿದ್ರೆ ಕೂಡಿಕೊಳ್ಳತ್ತೆ. ಡಬ್ಬೀಲಿ ಲವಂಗದ ಎಣ್ಣೆ ಇದೆ, ತಗೋ."

"ಎಣ್ಣೆ ಬೇಡ ಅಜ್ಜಿ. ಎಣ್ಣೆ ಶ್ವಾಸಕೋಶಕ್ಕೆ ಹೋಗಬಾರದು, ಡೇಂಜರು. ಎಣ್ಣೆ ಇಲ್ದೇ ಇರೋ ಲವಂಗದ ಎಸೆನ್ಸ್ ಇದೆ, ಎಂಟನೇದು."

"ಹಾಗಾದ್ರೆ ಅದು ಒಂದು ಹನಿ. ಎರಡಾದ್ರೆ ಹಲ್ಲುನೋವಿನ ಮದ್ದಾಗತ್ತೆ."

ಬೆರೆಸುವ ಲೆಕ್ಕ ಮಧ್ವರಾಜರು ಮಾಡಿದರು. ಮೂವತ್ತೈದು ವರ್ಷ ಪಾಲಿಸಿಗಳ ಕೋಷ್ಟಕ ತಿರುವಿದ ಬೆರಳುಗಳಿಗೆ ಪೆನ್ನು ಸಿಕ್ಕಿದ್ದೇ ಸಾಕಾಯಿತು. ಹನ್ನೆರಡಕ್ಕೆ ಇಷ್ಟು, ಒಂಬತ್ತಕ್ಕೆ ಇಷ್ಟು ಎಂದು ಇಡೀ ಬೇಸಿಗೆ ಮಳೆಗಾಲಗಳ ತಾರೀಕು ಹಾಕಿ, ಗೆರೆ ಎಳೆದು, ಮಗಳ ಕಂಪ್ಯೂಟರಿಗಿಂತ ಮೊದಲೇ ಹಾಳೆಯನ್ನು ಅವಳ ಮುಂದಿಟ್ಟರು. ಉತ್ತರ ಎರಡರಲ್ಲೂ ಒಂದೇ ಇತ್ತು. ಅಪ್ಪ ಹಾಗೆ ಕುರ್ಚಿಯ ತುದಿಯಲ್ಲಿ ಕುಳಿತು ಕೆಲಸ ಮಾಡುವುದನ್ನು ವೃಂದಾ ಅಮ್ಮ ಹೋದ ಮೇಲೆ ನೋಡಿರಲಿಲ್ಲ.

ತಕ್ಕಡಿಯ ಮೇಲೆ ಬೀಕರಿಟ್ಟು ಅವಳು ಹನಿ ಹನಿಯಾಗಿ ಬಿಟ್ಟಳು. ಕೊನೆಯ ಹನಿಗೆ ಅಂಕಿ ಬರಬೇಕಾದಲ್ಲಿಗೆ ಬಂದು ನಿಂತಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ರುಚಿ ಕೂಡಿಕೊಳ್ಳಲು ಹತ್ತು ದಿನ ಕತ್ತಲಲ್ಲಿಡಬೇಕಿತ್ತು. ಆ ಹತ್ತು ದಿನವೂ ಮಧ್ವರಾಜರು ಬೆಳಿಗ್ಗೆ ಎದ್ದವರೇ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದರು. ಟ್ರಾನ್ಸ್‌ಫಾರ್ಮರಿನ ಹತ್ತಿರವೂ ಹೋಗಿ ಬರುತ್ತಿದ್ದರು. ಆದರೆ ಈಗ "ಹೋಗಿ ಬರ್ತೀನಮ್ಮ" ಎಂದು ತಾಯಿಗೆ ಹೇಳಿಯೇ ಹೋಗುತ್ತಿದ್ದರು. ಅದೊಂದು ಮಾತು ಹೇಳಬೇಕಾಗುತ್ತದೆಂದೇ ಹನ್ನೆರಡು ಇದ್ದದ್ದು ಏಳಕ್ಕೆ ಬಂತು.

ಹನ್ನೊಂದನೆಯ ದಿನ ಮೊದಲ ಬಾಟಲಿ ತೆರೆದರು. ಅವತ್ತು ಅವರು ಎರಡೇ ಸಲ ಕೆಳಗೆ ಹೋದರು. ಎರಡನೆಯ ವಾರ ಹೋಗಲೇ ಇಲ್ಲ. ಮೂರನೆಯ ವಾರ ಒಂದು ಸಂಜೆ ಹೋಗಿ, ಬಂದು, ತಾಯಿಯ ಮುಂದೆ ಹಾಗೇ ನಿಂತರು. ಅಂಬುಜಮ್ಮ "ನಾಳೆ ನೋಡೋಣ" ಎಂದಷ್ಟೇ ಹೇಳಿ ಹೂ ಕಟ್ಟುವುದನ್ನು ಮುಂದುವರಿಸಿದರು.

ಮೇ ಕೊನೆಯಲ್ಲಿ ಒಂಬತ್ತರ ಬಾಟಲಿಯ ಸರದಿ ಬಂತು. ಅದನ್ನು ಬೆರೆಸಿದ್ದು ಮಧ್ವರಾಜರೇ. ಎರಡೂ ಕೈಗೆ ಸರಿಯಾದ ಗ್ಲೌಸು, ಮೂಗಿನ ಮೇಲೆ ಕನ್ನಡಕ. ವೃಂದಾ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು, ಒಮ್ಮೆಯೂ ಕೈ ಹಾಕಲಿಲ್ಲ. ಹತ್ತು ದಿನ ಕಳೆದ ಮೇಲೆ ಒಂದು ಸಂಜೆ, ಸಮುದ್ರದ ಗಾಳಿ ಊರೊಳಗೆ ಬರುವ ಹೊತ್ತಿಗೆ, ಅವರು ಬಾಲ್ಕನಿಯಲ್ಲಿ ನಿಂತು ಒಂದು ಎಳೆತ ಎಳೆದರು. ಹಿಡಿದಿಟ್ಟು ಬಿಟ್ಟರು. ಇನ್ನೊಂದು ಎಳೆದರು.

"ಏನಾದ್ರೂ ಕಡಿಮೆ ಅನ್ಸತ್ತಾ?" ವೃಂದಾ ಕೇಳಿದಳು. ಹೊಸಿಲಿನಾಚೆ ಅಂಬುಜಮ್ಮ ಕಾಯುತ್ತಿದ್ದರು.

ಮಧ್ವರಾಜರು ಗಂಟಲು ಮುಟ್ಟಿ ನೋಡಿಕೊಂಡರು. ಮೂರನೆಯದಕ್ಕೆ ಎತ್ತಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, ಯೋಚಿಸಿ, ವೇಪನ್ನು ಜೇಬಿಗೆ ಹಾಕಿಕೊಂಡರು.

"ಗೊತ್ತಾಗಲಿಲ್ಲ," ಎಂದರು.

ವೀಳ್ಯದೆಲೆ, ಲವಂಗದ ವಾಸನೆಯ ಬಿಳಿ ಹೊಗೆ ಕಂಬಿಗಳ ನಡುವೆ ಹಾದು ಕೆಳಗಿಳಿಯಿತು. ಎರಡನೇ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಗಸೊಬ್ಬಳು, ಮಡಚಬೇಕಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಹಾಗೇ ಹಿಡಿದುಕೊಂಡು ತಲೆಯೆತ್ತಿದಳು. ಯಾರ ಮನೆಯಲ್ಲೋ ತಾಂಬೂಲ ಹಂಚುತ್ತಿರಬೇಕೆಂದು ಒಂದೊಂದೇ ಕಿಟಕಿಯನ್ನು ಹುಡುಕತೊಡಗಿದಳು.