ಸುಮ್ಮನೆ ಒಂದು ಮಾತುಕತೆ

ಎರಡು ವಾರ್ಡಿಗೆ ಒಬ್ಬಳೇ ಡಾಕ್ಟರು, ನನ್ನ ಗೆಳತಿ ಗುಬ್ಬಿ. ಒಂದರಲ್ಲಿ ಅವಳು ಒಬ್ಬರ ನಿಂತುಹೋದ ಎದೆಯನ್ನು ಒತ್ತಿ ಒತ್ತಿ ಮತ್ತೆ ಬಡಿಸುತ್ತಿದ್ದಾಗ, ಇನ್ನೊಂದರಲ್ಲಿ ಒಬ್ಬ ಅಜ್ಜ ಉಸಿರಿಗೆ ಒದ್ದಾಡಿ ಸತ್ತ. ಅವಳಿಗಿದ್ದದ್ದು ಎರಡೇ ಕೈ.

ಎಂಡಿ ಓದುತ್ತಲೇ ದುಡಿಯುವ ನಮ್ಮಂಥ ಡಾಕ್ಟರನ್ನು ರೆಸಿಡೆಂಟ್ ಅನ್ನುತ್ತಾರೆ. ನಿಜವೇ, ವಾರ್ಡಿನಲ್ಲೇ ವಾಸ. ಕಲಿಸುತ್ತೇವೆಂಬ ಮಾತು ದೊಡ್ಡವರದು, ದುಡಿತ ನಮ್ಮದು.

ನಮ್ಮ ವಿಭಾಗದ ಚೀಫ್ ಗುಬ್ಬಿಗೆ ಹೇಳಿ ಕಳಿಸಿದರು: "ಬಾರಮ್ಮ, ಸುಮ್ನೆ ಒಂದು ಮಾತುಕತೆ."

ವಿಚಾರಣೆ ಅಂದರೆ ರೆಸಿಡೆಂಟರ ಸಂಘದ ಪ್ರತಿನಿಧಿಯನ್ನು ಪಕ್ಕದಲ್ಲಿ ಕೂರಿಸಬೇಕಲ್ಲ, ಅದಕ್ಕೇ ಈ ಬೆಣ್ಣೆಮಾತು. ಆದರೆ ಕರೆ ಬಂದವರೇ ಬಾಯಿಬಿಟ್ಟು ಕೇಳಿದರೆ ಪ್ರತಿನಿಧಿಯನ್ನು ಒಳಗೆ ಬಿಡದೆ ವಿಧಿಯಿಲ್ಲ. ಪ್ರತಿನಿಧಿ ನಾನು.

ಕ್ಯಾಂಟೀನಿನಲ್ಲಿ ತಾಲೀಮು ನಡೆಸಿದೆವು. ನಾನು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಚೀಫ್ ಆದೆ. "ಹ್ಞೂಂ... ನಾವೆಲ್ಲ ಒಂದೇ ಕುಟುಂಬ ಮಗಳೇ. ಅಜ್ಜ ಹೋಗಿದ್ದು ಯಾರ ತಪ್ಪಮ್ಮ?"

"ನಂದೇ ಸಾರ್."

"ಥೂ, ನಾನು ಕಣೇ, ಚೀಫ್ ಅಲ್ಲ! ನನ್ನ ಮುಂದೇನೇ ಒಪ್ಕೊಂಡ್ಬಿಟ್ಯಲ್ಲ!"

"ಬಾಯಿಗೆ ಬಂದ್ಬಿಡತ್ತೆ ಕಣೋ."

ಬರದೆ ಏನು? ಬೆಳಗಿನ ರೌಂಡ್ಸಿನಲ್ಲಿ ಲ್ಯಾಬಿನವರು ರಿಪೋರ್ಟು ತಡಮಾಡಿದರೂ, ಔಷಧ ಮುಗಿದಿದ್ದರೂ ನಾವು ಹೇಳುವುದು ಅದೊಂದೇ. ಹಾಗಂದರೆ ಬೈಗುಳ ಬೇಗ ಮುಗಿದು ಎಲ್ಲರೂ ಮುಂದಿನ ಹಾಸಿಗೆಗೆ ಸರಿಯುತ್ತಾರೆ.

ಚೀಫ್ ಕೋಣೆಯಲ್ಲಿ ಗುಬ್ಬಿ ಕೂರುವ ಮೊದಲೇ ಹೇಳಿದಳು: "ನನ್ನ ಪ್ರತಿನಿಧಿ ಜೊತೆಗಿರ್ಬೇಕು ಸಾರ್."

"ಇರ್ಲಿ ಬಿಡಮ್ಮ. ಅವನೂ ನನ್ನ ಮಗನೇ."

ನಾನು ಇನ್ನೂ ಸರಿಯಾಗಿ ಕೂತಿರಲಿಲ್ಲ. ಫೋನ್ ಬಂತು. ನನ್ನ ವಾರ್ಡಿನ ಸಿಸ್ಟರ್. "ಕಿಟಕಿ ಪಕ್ಕದ ಪೇಶೆಂಟ್ ಉಸಿರು ನಿಂತಿದೆ, ಓಡ್ಬನ್ನಿ ಡಾಕ್ಟ್ರೇ!"

ಗುಬ್ಬಿಯ ಮುಖ ನೋಡಿದೆ. "ಓಡೋ," ಎಂದಳು ಅವಳೇ.

ಓಡಿದೆ. ಕಿಟಕಿ ಪಕ್ಕದ ಪೇಶೆಂಟ್ ಕಾಲು ಇಳಿಬಿಟ್ಟು ಕಿತ್ತಳೆ ಸುಲಿಯುತ್ತಿದ್ದ. "ಏನ್ ಡಾಕ್ಟ್ರೇ, ನಿಮಗೇ ಏದುಸಿರು ಬಂದಿದೆ?"

ಸಿಸ್ಟರ್ ತಲೆ ಎತ್ತಲಿಲ್ಲ. "ಚೀಫ್ ಆಫೀಸಿಂದ ಹೇಳ್ಸಿದ್ರು. ಹೀಗೆ ಕರಿ, ಇಲ್ದಿದ್ರೆ ನಾಳೆ ಬರ್ಬೇಡ ಅಂದ್ರು."

ಮೆಟ್ಟಿಲು ಹಾರಿ ವಾಪಸು ಬಂದರೆ ಗುಬ್ಬಿ ಆಗಲೇ ಬಾಗಿಲಾಚೆ ನಿಂತಿದ್ದಳು.

"ನೀನು ಬರೋವರೆಗೂ ಏನೂ ಕೇಳಲ್ಲ ಅಂದ್ರು. ಟೀ ಕೊಟ್ರು. ಅಜ್ಜನ ಮಗಳು ತುಂಬ ಅತ್ಲಂತೆ ಅಂದ್ರು. ಯಾರ ತಪ್ಪಮ್ಮ ಅಂತ ಮೆಲ್ಲಗೆ ಕೇಳಿದ್ರು... ಬಾಯಿಗೆ ಬಂದ್ಬಿಡ್ತು ಕಣೋ. ಚೀಫ್ ಪಕ್ಕ ಕೂತಿದ್ದ ಗುಮಾಸ್ತರು ಬರ್ಕೊಂಡ್ರು. ನನ್ನ ಎಂಡಿ ಸೀಟು ಹೋಯ್ತು."

ಒಬ್ಬಳನ್ನೇ ಎರಡು ವಾರ್ಡಿಗೆ ಹಾಕಿದವರು ಒಳಗೆ ನಗುತ್ತಿರುವುದು ಕೇಳಿಸುತ್ತಿತ್ತು.

ಅಷ್ಟರಲ್ಲಿ ಸಿಸ್ಟರ್ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ನಡೀರಿ, ಆ ಫೋನು ಯಾರು ಮಾಡಿಸಿದ್ದು ಅಂತ ನಾನು ಹೇಳ್ತೀನಿ."

"ನಿಮ್ಮ ಕೆಲ್ಸ ಹೋಗತ್ತೆ ಸಿಸ್ಟರ್," ಎಂದಳು ಗುಬ್ಬಿ.

"ಹೋಗ್ಲಿ ಮಗಾ. ನಾಳೆ ನಿಜವಾಗ್ಲೂ ಯಾರದೋ ಉಸಿರು ನಿಲ್ಲತ್ತೆ. ನಾನು ಕರೀತೀನಿ. ಇದೂ ಸುಳ್ಳೇ ಇರ್ಬೇಕು ಅಂತ ನೀವು ಕೂತ್ಬಿಟ್ರೆ?"

ಅವರು ಬಾಗಿಲು ತಟ್ಟಲಿಲ್ಲ. ತಳ್ಳಿದರು.