ಬ್ಯಾಲ್ಟನದ ದಿನ ಕೊಡದ ಹಾಲು

ಬ್ಯಾಲ್ಟನದ ದಿನ, ಅಂದರೆ ಮೇ ತಿಂಗಳ ಮೊದಲ ದಿನ, ಮನೆಯಿಂದ ಬೆಂಕಿ, ಉಪ್ಪು, ಹಾಲು ಹೊರಗೆ ಹೋಗಬಾರದು. ಹೋದರೆ ಆ ವರ್ಷದ ಬೆಣ್ಣೆಯೂ ಅದರ ಹಿಂದೆಯೇ ಒಯ್ದವರ ಮನೆಗೆ ಹೋಗುತ್ತದೆ. ಡೀಲಿಯಾ ಇದನ್ನು ನಂಬಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ. ಆದರೆ ಹಿಂದಿನ ವರ್ಷ ಎಷ್ಟು ಕಡೆದರೂ ಬೆಣ್ಣೆ ಕಟ್ಟದೆ ಅವಳ ತೋಳು ಸೋತುಹೋಗಿತ್ತು. ಮೂರೇ ಹಸುಗಳ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಆ ಬೆಳಿಗ್ಗೆ ಪಕ್ಕದ ಮನೆಯ ಸಬೀನಾ ಕ್ಯಾನು ಹಿಡಿದು ಬಂದಳು. ಅವಳ ಹಸು ಚಳಿಗಾಲದಲ್ಲಿ ಸತ್ತಿತ್ತು. ಹಾಸಿಗೆ ಹಿಡಿದ ಮಾವನ ಹೊಟ್ಟೆಯಲ್ಲಿ ಹಾಲು ಬಿಟ್ಟರೆ ಬೇರೇನೂ ನಿಲ್ಲುತ್ತಿರಲಿಲ್ಲ. ಫೆಬ್ರವರಿಯಿಂದ ಡೀಲಿಯಾಳೇ ದಿನಾ ಒಂದು ಕ್ಯಾನು ಕೊಡುತ್ತಿದ್ದಳು. ಹಬ್ಬದ ದಿನ ತೊಂದರೆಯಾಗಬಾರದೆಂದು ಹಿಂದಿನ ಸಂಜೆ ಎರಡು ದಿನದ್ದು ಕೊಟ್ಟಿದ್ದಳು. ಅದನ್ನು ಬೆಕ್ಕು ಉರುಳಿಸಿತೆಂದು ಸಬೀನಾ ತಲೆ ತಗ್ಗಿಸಿಕೊಂಡೇ ಹೇಳಿದಳು.

“ಎಲ್ಲಾ ದಿನ ಬಿಟ್ಟು ಇವತ್ತು ಬಂದ್ಯಲ್ಲ,” ಎಂದಳು ಡೀಲಿಯಾ. “ಏನು, ನನ್ನ ಬೆಣ್ಣೆ ಮೇಲೆ ಕಣ್ಣಾ?”

ಅರ್ಧ ತಮಾಷೆಗೆ ಆಡಿದ ಮಾತು. ಸಬೀನಾ ನಗಲಿಲ್ಲ. ಖಾಲಿ ಕ್ಯಾನು ಹಿಡಿದು ಬಂದ ದಾರಿಯಲ್ಲೇ ಹೋದಳು. ಮತ್ತೆ ಹಾಲಿಗೆ ಬರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಒಂದು ಲೆಕ್ಕ. ಡೀಲಿಯಾ ಅದನ್ನೇ ಬಾವಿಕಟ್ಟೆಯಲ್ಲಿ ಮೂವರು ಹೆಂಗಸರಿಗೆ ಹೇಳಿ ನಗಿಸಿದಳು. ವಾರದೊಳಗೆ ತಮಾಷೆ ಉದುರಿಹೋಗಿ, ಸಬೀನಾ ಮೇ ಒಂದರಂದು ಬೆಣ್ಣೆ ಕದಿಯಲು ಬಂದಿದ್ದಳೆಂಬ ಸುದ್ದಿ ಮಾತ್ರ ಊರಲ್ಲಿ ಉಳಿಯಿತು. ಆ ವರ್ಷ ಡೀಲಿಯಾಳ ಬೆಣ್ಣೆ ಗಟ್ಟಿಯಾಗಿ, ಹಳದಿಯಾಗಿ ಬಂತು. ಜನರಿಗೆ ಅದೇ ಸಾಕ್ಷಿ.

ಜೂನ್‌ನಲ್ಲಿ ಮುದುಕ ತೀರಿಕೊಂಡ. ಹೊಟ್ಟೆಯ ಗಡ್ಡೆ, ಹಾಲು ಕುಡಿದಿದ್ದರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಹೆಣ ಕಾಯಲು ಜನ ಬಂದರು, ಮೊಣಕಾಲೂರಿ ಪ್ರಾರ್ಥಿಸಿದರು, ಎದ್ದು ಹೋದರು. ಸಬೀನಾ ಕೊಯ್ದಿಟ್ಟ ಬ್ರೆಡ್ಡನ್ನು ಯಾರೂ ಮುಟ್ಟಲಿಲ್ಲ. ತಾನು ಒಂದೇ ಒಂದು ತುಂಡು ತಿಂದಿದ್ದರೆ ಉಳಿದವರೂ ತಿನ್ನುತ್ತಿದ್ದರೆಂದು ಡೀಲಿಯಾಗೆ ಗೊತ್ತಿತ್ತು. ತಿನ್ನಲಿಲ್ಲ.

ಜುಲೈ ಕೊನೆಯ ಭಾನುವಾರ, ಲೂನಸ ಎಂಬ ಸುಗ್ಗಿ ಹಬ್ಬಕ್ಕೆ, ಊರೆಲ್ಲ ನೀಲಿಹಣ್ಣು ಕೀಳಲು ಬೆಟ್ಟ ಹತ್ತಿತು. ಸಬೀನಾ ಆಚೆ ಇಳಿಜಾರಿನಲ್ಲಿ ಒಬ್ಬಳೇ ಬಗ್ಗಿದ್ದಳು. ಡೀಲಿಯಾ ಅವಳ ಕಡೆ ಅರ್ಧ ದಾರಿ ನಡೆದಳು. “ಆ ಕಡೆ ಹಣ್ಣಿಲ್ಲ ಕಣೇ, ಬರೀ ಗಾಳಿ,” ಎಂದು ಬಾವಿಕಟ್ಟೆಯ ಮೂವರಲ್ಲಿ ಒಬ್ಬಳಾದ ವಿನಿಫ್ರೆಡ್ ಹಿಂದಿನಿಂದ ಕೂಗಿದಳು. ನಗು ಕೇಳಿಸಿತು. ಡೀಲಿಯಾ ತಿರುಗಿ ಬಂದಳು.

ಅಕ್ಟೋಬರ್ ಕೊನೆಗೆ ಸೌವಿನ್ ಬಂತು. ಸತ್ತವರು ಮನೆಗೆ ಬರುವ ದಿನ. ಅವರಿಗೆಂದು ಒಲೆಯ ಬಳಿ ಕುರ್ಚಿ ಹಾಕಿ, ಊಟ ಇಡುತ್ತಾರೆ. ಆ ದಿನ ಯಾರ ಬಾಗಿಲಿಗೂ ಚಿಲಕವಿಲ್ಲ, ಅದೇ ಧೈರ್ಯದ ಮೇಲೆ ಡೀಲಿಯಾ ಸಂಜೆಗೆ ಮುಂಚೆ ಒಂದು ಕ್ಯಾನು ಹಾಲು ಹಿಡಿದು ಹೋದಳು. ಸಬೀನಾ ಕೂರಲು ಹೇಳಿದಳು, ಹಾಲಿಲ್ಲದ ಚಹಾ ಕೊಟ್ಟಳು. ಡೀಲಿಯಾ ತನ್ನದು ತಪ್ಪಾಯಿತು, ಆ ದಿನ ಹಾಲು ಕೊಡಬೇಕಿತ್ತು ಎಂದಳು.

“ಆ ದಿನ ನಾನಾಗಿದ್ರೂ ಕೊಡ್ತಿರಲಿಲ್ಲ. ಅದಕ್ಕೆ ನಾನು ಬೇಜಾರು ಮಾಡ್ಕೊಂಡಿಲ್ಲ,” ಎಂದಳು ಸಬೀನಾ. “ಆದ್ರೆ ಬಾವಿ ಹತ್ರ ಹೇಳ್ತಿರಲಿಲ್ಲ ಕಣೇ.”

ಸಬೀನಾ ಹಾಲನ್ನು ಬಟ್ಟಲಿಗೆ ಸುರಿದು ಮಾವನ ಖಾಲಿ ಕುರ್ಚಿಯ ಮುಂದಿಟ್ಟಳು. ತನಗೆಂದು ಒಂದು ತೊಟ್ಟೂ ಉಳಿಸಿಕೊಳ್ಳಲಿಲ್ಲ. ಕ್ಯಾನು ತೊಳೆದು, ಒರೆಸಿ, ಡೀಲಿಯಾಳ ಕೈಗೆ ಕೊಟ್ಟಳು.

“ನಾಳೆ ತರ್ಲಾ?”

“ಬೇಡ,” ಎಂದಳು ಸಬೀನಾ, ಕೋಪವೇನೂ ಇಲ್ಲದೆ. “ಅವರು ಬರೋದು ಇವತ್ತೊಂದಿನಾನೇ.”