ಗುಡ್ಡದ ಮನೆಯ ಮೆಟ್ಟಿಲು

ಬಂದರಿನ ಹಿಂದಿನ ಓಣಿಯಲ್ಲಿ ಊರ ಹೆಂಗಸರು ದುಡ್ಡು ಕೊಟ್ಟು ಮೀಯುತ್ತಿದ್ದ ಸ್ನಾನದ ಮನೆ ಮುಚ್ಚಿದಾಗ ಓಕ್ರಿಮ್‌ಗೆ ಕೆಲಸ ಹೋಯಿತು. ಮೊಕ್ಪೊ ಪಟ್ಟಣದಲ್ಲಿ ಅಂಥ ಸ್ನಾನದ ಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಮದುವೆಯಾಗದೆ ಉಳಿದವಳು ಓಕ್ರಿಮ್. ಹರೆಯದಲ್ಲಿ ಅಲ್ಲಿಗೆ ಸೇರಿ, ಒರಟು ಬಟ್ಟೆಯ ಚೀಲವನ್ನು ಕೈಗೆ ತೊಟ್ಟು, ಬಂದ ಹೆಂಗಸರ ಮೈ ಉಜ್ಜಿ ಕೊಳೆ ತೆಗೆಯುವುದರಲ್ಲೇ ಆಯಸ್ಸು ಸವೆಸಿದ್ದಳು. ಹಗಲೆಲ್ಲ ಒದ್ದೆ ನೆಲದ ಮೇಲೆ ನಿಲ್ಲುವುದು, ಸಂಜೆ ಕುಕ್ಕರಗಾಲಲ್ಲಿ ಕೂತು ಅದೇ ನೆಲ ತಿಕ್ಕುವುದು. ಅರವತ್ತು ದಾಟುವ ಹೊತ್ತಿಗೆ ಎರಡೂ ಮಂಡಿ ಸವೆದಿದ್ದವು. ಬಲಗಡೆಯದು ಹೆಚ್ಚು.

ಕೆಲಸ ಹೋದದ್ದಕ್ಕಿಂತ ಮಾತು ಹೋದದ್ದು ಅವಳಿಗೆ ದೊಡ್ಡ ನಷ್ಟವಾಯಿತು. ಬಟ್ಟೆ ಬಿಚ್ಚಿ ಉಜ್ಜುವ ಮಂಚದ ಮೇಲೆ ಬೋರಲು ಮಲಗಿದ ಹೆಂಗಸು ಏನನ್ನೂ ಮುಚ್ಚಿಡುವುದಿಲ್ಲ. ಅದರಲ್ಲೂ ವಾರ ತಪ್ಪದೆ ಬರುತ್ತಿದ್ದ ಒಬ್ಬಳಿದ್ದಳು. ಅವಳ ಹೆಸರು ಓಕ್ರಿಮ್ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗುಡ್ಡದ ಮೇಲೆ, ಚರ್ಚಿನ ಪಕ್ಕದ ನೀಲಿ ಗೇಟಿನ ಮನೆ ಅಂದಿದ್ದಳು, ಹಾಗಾಗಿ ಗುಡ್ಡದ ಮನೆ ಅಕ್ಕ. ಗಂಡನ ಕೈ ಎತ್ತುವ ಚಾಳಿ, ಹುಟ್ಟುವ ಮೊದಲೇ ಹೋದ ಕೂಸು, ಒಮ್ಮೆ ಮನೆ ಬಿಟ್ಟು ಸಮುದ್ರದ ಕಟ್ಟೆಯವರೆಗೆ ಹೋಗಿ ತಿರುಗಿ ಬಂದದ್ದು, ಎಲ್ಲವನ್ನೂ ಆ ಮಂಚದ ಮೇಲೆ ಹೇಳಿದ್ದಳು. "ತಂಗಿ, ನಿನ್ನ ಕೈ ಇಲ್ದಿದ್ರೆ ನಾನು ಯಾವತ್ತೋ ಹುಚ್ಚಿ ಆಗ್ತಿದ್ದೆ," ಅನ್ನುತ್ತಿದ್ದಳು.

ಕೆಲಸ ಬಿಟ್ಟ ಮೇಲೆ ಓಕ್ರಿಮ್ ಮೂಳೆ ಆಸ್ಪತ್ರೆಯೊಂದರ ಫಿಸಿಯೋಥೆರಪಿ ಕೋಣೆಗೆ ದಿನಾ ಹೋಗತೊಡಗಿದಳು. ಮಂಡಿಗೆ ಬಿಸಿ ಶಾಖ ಕೊಡುತ್ತಿದ್ದರು, ಸಣ್ಣಗೆ ಕರೆಂಟು ಹಾಯಿಸುತ್ತಿದ್ದರು. ಆಮೇಲೆ ಪ್ಯೊ ಅನ್ನುವ ಹುಡುಗ ಹೆಬ್ಬೆರಳಿನಿಂದ ಮಂಡಿಚಿಪ್ಪಿನ ಸುತ್ತ ಒತ್ತುತ್ತಿದ್ದ. ಅಲ್ಲಿ ಎಲ್ಲರೂ ಅವನನ್ನು ಮೇಷ್ಟ್ರೇ ಅಂತಲೇ ಕರೆಯುತ್ತಿದ್ದರು. ಜೀವಮಾನವಿಡೀ ಬೇರೆಯವರ ಮೈ ಮುಟ್ಟಿದವಳನ್ನು ಯಾರಾದರೂ ಮುಟ್ಟುತ್ತಿದ್ದದ್ದು ಈಗಲೇ. ಪರದೆಯ ಹಿಂದೆ ಬಿಸಿ ಚೀಲದ ಕೆಳಗೆ ಕಣ್ಣು ಮುಚ್ಚಿ ಮಲಗಿದರೆ ಅವಳಿಗೆ ಏಳುವ ಮನಸ್ಸೇ ಆಗುತ್ತಿರಲಿಲ್ಲ.

ಒಂದು ದಿನ ಪ್ಯೊ ಸ್ಟೂಲು ಎಳೆದುಕೊಂಡು ಎದುರು ಕೂತ.

"ಅಮ್ಮಾ, ಇನ್ನು ದಿನಾ ಬರೋದು ಬೇಡ. ತಿಂಗಳಿಗೊಂದು ಸಲ ಬಂದ್ರೆ ಸಾಕು."

"ನನ್ನ ಓಡಿಸ್ತಿದ್ದೀರಾ ಮೇಷ್ಟ್ರೇ?"

"ಓಡಿಸ್ತಿಲ್ಲ. ಶಾಖ ಕೊಟ್ರೆ ಸಂಜೆವರೆಗೆ ಹಾಯಾಗಿರುತ್ತೆ, ಅಷ್ಟೆ. ಮೂಳೆ ಮಧ್ಯೆ ಇರೋ ಮೆತ್ತೆ ಸವೆದಿದೆ, ಅದನ್ನ ವಾಪಸ್ ತರೋಕೆ ನನ್ ಕೈಲಿ ಆಗಲ್ಲ. ಆದ್ರೆ ತೊಡೆ ಗಟ್ಟಿಯಾದ್ರೆ ಮಂಡಿ ಮೇಲಿನ ಭಾರ ಅದು ಹೊರುತ್ತೆ. ಆ ಕೆಲಸ ನಿಮ್ದು, ಮನೇಲಿ ಮಾಡ್ಬೇಕು."

"ನೋವಿರೋ ಕಾಲನ್ನ ಇನ್ನೂ ದುಡಿಸಿ ಅಂತೀರಲ್ಲ. ದುಡಿದೇ ಅಲ್ವಾ ಹಿಂಗಾಗಿದ್ದು?"

"ಕುಕ್ಕರಗಾಲಲ್ಲಿ ಕೂತು ದುಡಿದಿದ್ದು ಬೇರೆ, ಇದು ಬೇರೆ."

ಮಂಡಿಯ ಕೆಳಗೆ ಸುತ್ತಿದ ಟವೆಲಿಟ್ಟು ಒತ್ತಿ ಹಿಡಿಯುವುದು, ಮಲಗಿ ಕಾಲು ನೆಟ್ಟಗೆ ಎತ್ತುವುದು, ಕೈ ಊರದೆ ಕುರ್ಚಿಯಿಂದ ಎದ್ದು ಮತ್ತೆ ನಿಧಾನವಾಗಿ ಕೂರುವುದು, ಸಮತಟ್ಟು ದಾರಿಯಲ್ಲಿ ನಡೆಯುವುದು. ಇಷ್ಟನ್ನು ಅವನು ಮಾಡಿ ತೋರಿಸಿದ. ನೆಲದ ಮೇಲೆ ಕೂರುವುದು ಕಡಿಮೆ ಮಾಡಿ, ಒಂದು ಕುರ್ಚಿ ತೊಗೊಳ್ಳಿ ಅಂದ.

ಓಕ್ರಿಮ್‌ಳ ಒಂಟಿ ಕೋಣೆಯಲ್ಲಿ ಅಲ್ಲಿಯವರೆಗೆ ಕುರ್ಚಿಯೇ ಇರಲಿಲ್ಲ. ಕೆಳಗಿನಿಂದ ಕಾಯಿಸುವ ಬೆಚ್ಚಗಿನ ನೆಲ, ಗಿಡ್ಡ ಕಾಲಿನ ಮಣೆ, ಮಡಚಿಡುವ ಹಾಸಿಗೆ, ಒಂದು ಬೀರು, ಅಷ್ಟೇ ಸಾಮಾನು. ಹಳೆ ಸಾಮಾನಿನ ಅಂಗಡಿಯಿಂದ ಕುರ್ಚಿ ತಂದು ಗೋಡೆಗೆ ಒರಗಿಸಿಟ್ಟಳು. ಅದರ ಮೇಲೆ ಕೂತರೆ ಕೋಣೆ ಇನ್ನೂ ಖಾಲಿಯಾಗಿ ಕಂಡಿತು. ಕೆಲವು ವಾರ ಅದಕ್ಕೆ ಬಟ್ಟೆ ನೇತುಹಾಕಿದ್ದೇ ಹಾಕಿದ್ದು. ತಿಂಗಳಾದ ಮೇಲೆ ಪ್ಯೊ ಕೇಳಿದಾಗ, "ಮಾಡ್ತಿದೀನಿ ಮೇಷ್ಟ್ರೇ," ಅಂದಳು. ಅವನು ಅವಳ ತೊಡೆ ಒತ್ತಿ ನೋಡಿ, ಅದೇ ವ್ಯಾಯಾಮವನ್ನು ಮೊದಲಿನಿಂದ ಮತ್ತೆ ತೋರಿಸಿಕೊಟ್ಟ. ಅವನು ಬೈದಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ ದಾರಿಯುದ್ದಕ್ಕೂ ಅನ್ನಿಸಿತು.

ಆ ದಿನ ಬಸ್ಸಿನ ಕಿಟಕಿಯಿಂದ ಗುಡ್ಡದ ಚರ್ಚಿನ ಗೋಪುರ ಕಾಣಿಸಿತು. ಅಕ್ಕ ನೆನಪಾದಳು. ಹೋಗಿ ನೋಡಿಕೊಂಡು ಬರಬೇಕು ಅನ್ನಿಸಿತು. ಆದರೆ ಅಲ್ಲಿಗೆ ಬಸ್ಸು ಹತ್ತುವುದಿಲ್ಲ, ಮೆಟ್ಟಿಲೇ ಗತಿ. ಮನೆಗೆ ಬಂದವಳೇ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು.

ಮೊದಮೊದಲು ಕೈ ಊರದೆ ಏಳಲು ಆಗುತ್ತಲೇ ಇರಲಿಲ್ಲ. ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಂಡಳು. ಬೇಸಿಗೆ ಮುಗಿಯುವ ಹೊತ್ತಿಗೆ ದಿಂಬು ಬೇಡವಾಯಿತು. ರಾತ್ರಿ ಸೇವಿಗೆ ಬೇಯಿಸಿ ತಿನ್ನುವ ಚಟ ಬಿಟ್ಟಳು, ಮೈಯೂ ತುಸು ಇಳಿಯಿತು. ಮೆಟ್ಟಿಲು ಹತ್ತುವುದು ಹೇಗೆಂದು ಪ್ಯೊನನ್ನು ಕೇಳಿದಾಗ ಅವನಿಗೆ ನಗು.

"ಹತ್ತೋವಾಗ ಒಳ್ಳೆ ಕಾಲು ಮೊದ್ಲು, ಇಳಿಯೋವಾಗ ಕೆಟ್ಟ ಕಾಲು ಮೊದ್ಲು. ಕಂಬಿ ಬಿಡ್ಬೇಡಿ. ಎಲ್ಲಿಗಮ್ಮಾ ಸವಾರಿ?"

"ನಮ್ಮ ಅಕ್ಕನ ಮನೆಗೆ."

ಚಳಿಗೆ ಮೊದಲು ರಸ್ತೆ ಬದಿಯ ಗಿಂಕೋ ಮರಗಳ ಎಲೆ ಹಳದಿಯಾದಾಗ ಒಂದು ಬೆಳಿಗ್ಗೆ ಹೊರಟಳು. ಅಕ್ಕನಿಗೆಂದು ಒಣ ಮೀನಿನ ಕಟ್ಟೊಂದನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಎಡಗಾಲು ಮೊದಲು, ಬಲಗಾಲು ಅದರ ಪಕ್ಕ, ಮತ್ತೆ ಎಡಗಾಲು. ತಿರುವು ಬಂದಾಗಲೆಲ್ಲ ನಿಂತು ಉಸಿರು ತೆಗೆದುಕೊಂಡಳು. ಕೆಳಗೆ ಬಂದರು, ದ್ವೀಪಕ್ಕೆ ಹೊರಟ ಹಡಗು. ನೀಲಿ ಗೇಟು ಸುಲಭವಾಗಿ ಸಿಕ್ಕಿತು.

ಬಾಗಿಲು ತೆರೆದವಳು ಕೂದಲಿಗೆ ಬಣ್ಣ ಹಾಕಿದ, ಕಿವಿಗೆ ಮುತ್ತು ತೊಟ್ಟ ಹೆಂಗಸು. ಒಂದು ಕ್ಷಣ ಓಕ್ರಿಮ್‌ಗೂ ಗುರುತು ಹತ್ತಲಿಲ್ಲ.

"ಯಾರು? ಚರ್ಚಿನವ್ರಾ?"

"ಅಕ್ಕ, ನಾನು. ಸ್ನಾನದ ಮನೆಯವಳು."

ಅಕ್ಕನ ಕೈ ತಾನಾಗಿ ಕುತ್ತಿಗೆಯ ಹತ್ತಿರ ಹೋಯಿತು. ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಂಡಳು.

"ಓ, ನೀವಾ," ಅಂದಳು. ಅಷ್ಟು ವರ್ಷ ನೀನು, ತಂಗಿ ಅಂದವಳ ಬಾಯಲ್ಲಿ ಈಗ ನೀವು ಬಂತು. "ನನ್ನ ಮನೆ ಹೆಂಗೆ ಗೊತ್ತಾಯ್ತು?"

"ನೀವೇ ಹೇಳಿದ್ರಲ್ಲ ಅಕ್ಕ."

ಒಳಗಿನಿಂದ ಗಂಡಸಿನ ದಪ್ಪ ದನಿ ಕೇಳಿತು. "ಯಾರೇ ಅದು?"

ಅಕ್ಕ ಹಿಂದೆ ತಿರುಗಿ ನೋಡಿ, ಬಾಗಿಲನ್ನು ಅರ್ಧ ಎಳೆದುಕೊಂಡಳು. ಅವಳ ಮುಖದ ಬಣ್ಣ ಇಳಿದಿತ್ತು. ಓಕ್ರಿಮ್‌ಗೆ ಆಗ ಅರ್ಥವಾಯಿತು. ಈ ಮನೆಯ ಯಾವ ಮಾತು ಹೊರಗೆ ಹೋಗಬಾರದಿತ್ತೋ ಅದೆಲ್ಲ ತನ್ನ ಹೊಟ್ಟೆಯಲ್ಲಿದೆ, ಅದನ್ನು ಹೊತ್ತುಕೊಂಡು ತಾನು ಈಗ ಅವರ ಬಾಗಿಲಲ್ಲಿ ನಿಂತಿದ್ದೇನೆ. ಮಂಚದ ಮೇಲೆ ಅಕ್ಕ ಮಾತಾಡಿದ್ದು, ಕೇಳಿದವಳು ಗುಡ್ಡ ಹತ್ತಿ ಬರಲಾರಳು ಅನ್ನುವ ಧೈರ್ಯದಿಂದಲೇ.

"ದಾರಿ ತಪ್ಪಿದೆ," ಎಂದು ಓಕ್ರಿಮ್ ಒಳಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು. "ಚರ್ಚಿಗೆ ಹೋಗ್ಬೇಕಿತ್ತು. ಯಾವ ಕಡೆ?"

ಅಕ್ಕ ಬೆರಳು ತೋರಿಸಿದಳು. "ನಿಧಾನ ಹೋಗಿ," ಅಂದಳು, ತುಂಬ ಮೆಲ್ಲಗೆ. ಮತ್ತೆ ಬಾಗಿಲು ಹಾಕಿದ ಸದ್ದು.

ಒಣ ಮೀನಿನ ಕಟ್ಟು ಹೆಗಲ ಮೇಲೇ ಉಳಿಯಿತು. ಇಳಿಯುವಾಗ ಯಾವ ಕಾಲು ಮೊದಲು ಅನ್ನುವುದರ ಮೇಲೆ ಅವಳಿಗೆ ಗಮನವೇ ಇರಲಿಲ್ಲ. ಕಂಬಿಯನ್ನೂ ಹಿಡಿಯಲಿಲ್ಲ. ಮಾರನೆಯ ಬೆಳಿಗ್ಗೆ ಬಲ ಮಂಡಿ ಊದಿ ಬೂದುಗುಂಬಳವಾಗಿತ್ತು. ಹಾಸಿಗೆ ಮಡಚಲಿಲ್ಲ, ಒಲೆ ಹಚ್ಚಲಿಲ್ಲ. ಯಾರಿಗಾಗಿ ಕಾಲು ಗಟ್ಟಿ ಮಾಡಿಕೊಳ್ಳಬೇಕು ಅನ್ನಿಸಿತು. ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ಮಲಗಿದ್ದಲ್ಲೇ ಕೆಲವು ದಿನ ಕಳೆದು, ಕೊನೆಗೆ ಪ್ಯೊಗೆ ಫೋನು ಮಾಡಿದಳು.

"ಎಲ್ಲಾ ಹಾಳಾಯ್ತು ಮೇಷ್ಟ್ರೇ. ಇನ್ನು ನಾನು ಮಾಡಲ್ಲ."

"ಊತ ಇಳೀತಾ ಇದೆಯಾ?"

"ನಿನ್ನೆಗಿಂತ ಕಮ್ಮಿ."

"ಹಂಗಾದ್ರೆ ಹಾಳಾಗಿಲ್ಲ, ರೇಗಿದೆ ಅಷ್ಟೆ. ಮಾರನೇ ದಿನವೂ ನೋವು ಉಳಿದ್ರೆ ಜಾಸ್ತಿ ಆಯ್ತು ಅಂತ ಅರ್ಥ, ಕಮ್ಮಿ ಮಾಡಿ. ಪೂರ್ತಿ ನಿಲ್ಲಿಸಿದ್ರೆ ಮಾತ್ರ ಕೆಟ್ಟೋಗುತ್ತೆ. ಇವತ್ತು ಟವೆಲ್ ಒತ್ತಿ, ಸಾಕು." ಆಮೇಲೆ ಕೇಳಿದ, "ಅಕ್ಕ ಸಿಕ್ಕಿದ್ರಾ?"

"ಮನೇಲಿದ್ರು," ಅಂದಳು ಓಕ್ರಿಮ್.

ಫೋನಿಟ್ಟು ಟವೆಲ್ ಸುತ್ತಿದಳು. ತುಂಬಾ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ಮಂಡಿಯ ಕೆಳಗಿಟ್ಟು ಒತ್ತಿದಳು. ಯಾವ ಮನೆಗೂ ಹೋಗಬೇಕಿರಲಿಲ್ಲ. ನೀರು ಕುಡಿಯಲು ಏಳಬೇಕಿತ್ತು, ಅಕ್ಕಿ ತೊಳೆಯಬೇಕಿತ್ತು, ಕಕ್ಕಸಿಗೆ ಹೋಗಬೇಕಿತ್ತು. ಅಷ್ಟಕ್ಕೆ ಕಾಲು ಬೇಕಿತ್ತು. ಒಣ ಮೀನನ್ನು ದಿನಕ್ಕಿಷ್ಟು ಸಾರಿಗೆ ಹಾಕಿ ತಾನೇ ತಿಂದು ಮುಗಿಸಿದಳು.

ಚಳಿ ಕಳೆಯುವಷ್ಟರಲ್ಲಿ ಬಂದರಿನ ಕಟ್ಟೆಯ ಮೇಲೆ ದಿನಾ ನಡೆಯುವುದು ರೂಢಿಯಾಯಿತು. ಮಂಡಿ ನೋವು ಹೋಗಲಿಲ್ಲ. ಬೆಳಿಗ್ಗೆ ಬಿಗಿ ಹಿಡಿಯುತ್ತಿತ್ತು, ಮೋಡ ಕಟ್ಟಿದರೆ ಚುಚ್ಚುತ್ತಿತ್ತು. ಆದರೆ ಬೀರುವಿನ ಹಿಡಿಕೆ ಹಿಡಿಯದೆ ನೆಲದಿಂದ ಏಳುವುದು ಸಾಧ್ಯವಾಗಿತ್ತು. ಪ್ಯೊ ತೊಡೆ ಒತ್ತಿ ನೋಡಿ, ಈ ಸಲ ಒಂದು ಮಾತು ಕೇಳಿದ.

"ಅಮ್ಮಾ, ಹೊಸದಾಗಿ ಬರೋರು ಹೆದರ್ತಾರೆ. ನಾನು ಹೇಳಿದ್ರೆ, ಚಿಕ್ಕ ವಯಸ್ಸಿನ ಹುಡುಗ, ಇವನಿಗೇನು ಗೊತ್ತು ಅಂತಾರೆ. ಒಂದಿನ ಬಂದು ಅವರ ಜೊತೆ ಕೂತ್ಕೊಳ್ತೀರಾ?"

"ಬಟ್ಟೆ ಹಾಕ್ಕೊಂಡಿರೋರ ಹತ್ರ ಮಾತಾಡಿ ನಂಗೆ ಅಭ್ಯಾಸ ಇಲ್ಲ ಮೇಷ್ಟ್ರೇ."

ಅವನು ಕಿವಿಯವರೆಗೆ ಕೆಂಪಾದ. ಆದರೂ ಅವಳು ಹೋದಳು. ಗೋಡೆಯುದ್ದಕ್ಕೂ ಕುರ್ಚಿಗಳಿದ್ದವು, ಅವುಗಳ ಮೇಲೆ ತನ್ನ ವಾರಿಗೆಯ ಹೆಂಗಸರು. ಕೆಲವರ ಪಕ್ಕದಲ್ಲಿ ಸೊಸೆ, ಕೆಲವರ ಪಕ್ಕದಲ್ಲಿ ಗಂಡ. ಸಮುದ್ರದ ಸಿಂಪಿ ಸುಲಿದು ಮಾಂಸ ತೆಗೆಯುವ ಕೆಲಸದವಳೊಬ್ಬಳು ಏಳಲೊಲ್ಲದೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು.

"ನಿಮಗೆ ನೋವು ಹೋಯ್ತಾ?" ಎಂದು ಓಕ್ರಿಮ್‌ಳನ್ನು ಕೇಳಿದಳು.

"ಇಲ್ಲಮ್ಮ. ಈಗ್ಲೂ ಇದೆ."

"ಮತ್ಯಾಕೆ ಮಾಡೋದು?"

"ನಂಗೆ ಎಬ್ಬಿಸೋಕೆ ಯಾರಿಲ್ಲ, ಅದಕ್ಕೆ," ಅಂದಳು ಓಕ್ರಿಮ್. ಅವಳು ತನ್ನ ಕುರ್ಚಿಯ ತುದಿಗೆ ಸರಿದು, ಎದೆಯ ಮೇಲೆ ಕೈ ಕಟ್ಟಿ, ಎದ್ದು ನಿಂತಳು. ನಿಧಾನವಾಗಿ ಕೂತಳು. ಸಿಂಪಿಯವಳು ಒಂದು ಕೈ ಬಿಟ್ಟಳು, ಇನ್ನೊಂದು ಬಿಡಲಿಲ್ಲ, ಆದರೂ ಎದ್ದಳು.

ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮವರೊಂದಿಗೆ ಹೊರಟರು. ಮುಂದಿನ ಸಲವೂ ಬರ್ತೀರಾ ಎಂದು ಸಿಂಪಿಯವಳು ಕಾರಿನ ಕಿಟಕಿಯಿಂದ ಕೇಳಿದಳು. ಓಕ್ರಿಮ್ ಹೂಂ ಎಂದು ತಲೆಯಾಡಿಸಿ, ಕಟ್ಟೆಯ ದಾರಿ ಹಿಡಿದು ಮನೆ ಕಡೆ ನಡೆದಳು.